ಅದಿರು

ಎಪಿಎಂಸಿ ಯಾರ್ಡಿನ ಹದಿನೇಳನೇ ಗೋದಾಮಿನಲ್ಲಿ
ಆಲೂಗಡ್ಡೆ ಮೂಟೆಗಳ ನಡುವೆ ನಮ್ಮ ಬ್ಯಾಂಡು.
ನಮ್ಮದು ಅಂದರೆ, ಬಾರಿಸುತ್ತಿದ್ದವರು ನಾಲ್ವರು,
ನಾನು ಕೂಗುತ್ತಿದ್ದವರ ಪೈಕಿ.

ಹೆಸರು: ಕರೆಂಟ್ ಹೋಯ್ತು.
ಒಂದು ಹಾಡಿಗೆ ಒಂದೂವರೆ ನಿಮಿಷ.
ಅದಕ್ಕೂ ಹೆಚ್ಚಾದರೆ ನಿಜವಾಗಿಯೂ ಹೋಗುತ್ತಿತ್ತು.
'ನಲ್ಲಿ', 'ರಸೀದಿ ಕೊಡಿ', 'ಸಾಹೇಬ್ರು ಊಟಕ್ಕೆ ಹೋಗವ್ರೆ':
ಮೂರೇ ಹಿಡಿತ, ತಂತಿ ಹರಿಯುವ ಹಾಗೆ,
ಮುಗಿಯುವಷ್ಟರಲ್ಲಿ ತಿಮ್ಮೇಶನ ಮೂಗಿನಿಂದ
ರಕ್ತವೋ ಸಿಂಬಳವೋ, ನಮ್ಮ ಮೇಲೂ ಒಂದಿಷ್ಟು.
'ಕಲಿತವರಿಗೆ ಪ್ರವೇಶವಿಲ್ಲ' ಎಂದು
ಬಾಗಿಲ ಮೇಲೆ ಸುಣ್ಣದಲ್ಲಿ ಬರೆದವನು ನಾನು.
ಒತ್ತಕ್ಷರ ತಪ್ಪಿತ್ತು. ತಿದ್ದಲಿಲ್ಲ.
ಅದೇ ನಮ್ಮ ಶಾಸ್ತ್ರ.

ಆಮೇಲೆ ಜಬೀವುಲ್ಲಾ ಕೂದಲು ಬಿಟ್ಟ.

ಕಿವಿ ಮುಚ್ಚಿತು, ಹೆಗಲಿಗಿಳಿಯಿತು.
ರೈಲ್ವೆ ಗೇಟಿನ ಕೆಲಸ ಸಿಕ್ಕಿದೆ, ರಾತ್ರಿಪಾಳಿ,
ಕ್ಷೌರಕ್ಕೆ ಬಿಡುವಿಲ್ಲ ಪಾಪ, ಅಂದುಕೊಂಡೆವು.
ಆಮೇಲೆ ಹಾಡು ಎರಡು ನಿಮಿಷ ದಾಟಿತು.
ಮೂರು. ನಾಲ್ಕೂ ಕಾಲು.
ಒಂದು ಸಂಜೆ ಜಬಿ ಒಬ್ಬನೇ ಮುಂದೆ ಬಂದು
ಸ್ಪೀಕರಿನ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿ,
ಗಿಟಾರಿನ ಕತ್ತಿನುದ್ದಕ್ಕೂ ಬೆರಳು ಓಡಿಸಿದ.
ಕಣ್ಣು ಮುಚ್ಚಿ!
ಕ್ಯೂನಲ್ಲಿ ನಿಂತವನು ಎಲ್ಲಾದರೂ ಕಣ್ಣು ಮುಚ್ಚುತ್ತಾನೆಯೇ?

ಹಾಸನ ಎರಡಾಯಿತು.
ಅಂದರೆ, ನಾವು ನಲವತ್ತು ಜನ ಎರಡಾದೆವು.
ಡೈರಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ
ಆ ಬೆಂಚು ಮೆಟಲ್‌ನವರದು, ಈ ಬೆಂಚು ಪಂಕ್‌ನವರದು.
'ಮಾರ್ಕೊಂಬುಟ್ರು' ಅಂದೆ ನಾನು.
'ಯಾರಿಗೆ?' ಅಂದ ಟೀ ಸೋಸುತ್ತಿದ್ದ ಕೆಂಚಪ್ಪ,
'ಎಷ್ಟಕ್ಕೆ ಹೋಯ್ತು?'
ಲೋಟ ಸುಡುತ್ತಿತ್ತು. ಆ ಕೈಯಿಂದ ಈ ಕೈಗೆ ಬದಲಾಯಿಸಿದೆ.

ಲಾರಿ ಮಾಲೀಕರ ಸಂಘದ ಹಾಲಿನಲ್ಲಿ ಹೊಸ ಹಾಡು.
ಏಳು ನಿಮಿಷ ಹನ್ನೊಂದು ಸೆಕೆಂಡು.
ಸಿಲ್ವೆಸ್ಟರ್, ಉಸಿರು ಬಿಡದೆ ಡ್ರಮ್ಮು ಚಚ್ಚುತ್ತಿದ್ದವನು,
ಒಂದು ಪೆಟ್ಟು ಹೊಡೆದು ಕಾದ.
ಇನ್ನೊಂದು ಹೊಡೆದು
ಕಾದ.
ಆ ಕಾಯುವುದನ್ನು ತಡೆಯಲಾಗಲಿಲ್ಲ ನನಗೆ.
ಎಡಗಾಲಿನ ಚಪ್ಪಲಿ ತೆಗೆದು ಬೀಸಿದೆ.
ಹಿತ್ತಾಳೆ ತಟ್ಟೆಗೆ ಬಡಿದು ಝಣ್ ಎಂದಿತು,
ಎಲ್ಲಿ ಎನ್ನಬೇಕಿತ್ತೋ ಸರಿಯಾಗಿ ಅಲ್ಲಿ.
ಸಿಲ್ವೆಸ್ಟರ್ ನಕ್ಕ. ಜಬಿ ಕಣ್ಣು ತೆರೆಯಲಿಲ್ಲ.
ಬಿ.ಎಂ. ರಸ್ತೆಯುದ್ದಕ್ಕೂ ಒಂಟಿ ಚಪ್ಪಲಿಯಲ್ಲಿ ನಡೆದೆ,
ಒಂದು ಹೆಜ್ಜೆ ಸದ್ದು, ಒಂದು ಹೆಜ್ಜೆ ಸುಮ್ಮನೆ.

ಆರು ತಿಂಗಳ ಮೇಲೆ, ರಾತ್ರಿ ಎರಡಕ್ಕೆ,
ಊರಾಚೆ ಗೇಟು ಹಾಕಿತ್ತು.
ಮೊಪೆಡ್ಡಿನ ಹಿಂದೆ ಹನ್ನೆರಡು ಟ್ರೇ ಮೊಟ್ಟೆ.
ಮಂಗಳೂರಿನ ಕಡೆಗೆ ಅದಿರಿನ ಗಾಡಿ,
ಡಬ್ಬಿ ಡಬ್ಬಿಯ ನಂಬರು ಓದುವಷ್ಟು ನಿಧಾನ.
ಮೊದಲು ಕೇಳಿದ್ದು ಗಾಲಿಯಲ್ಲ, ಮೊಟ್ಟೆ:
ಒಂದಕ್ಕೊಂದು ತಾಗಿ ಕಿಟಿಕಿಟಿ.
ಆಮೇಲೆ ಅಂಗಾಲು. ಆಮೇಲೆ ದವಡೆ ಹಲ್ಲು.
ಐವತ್ತೆಂಟು ಡಬ್ಬಿ, ಯಾವುದೋ ಗುಡ್ಡವನ್ನು
ಬಿಡಿಬಿಡಿಯಾಗಿ ಹೊತ್ತುಕೊಂಡು.
ಗೇಟಿನ ಕೋಣೆಯ ಮುಂದೆ ಜಬಿ, ಕೈಯಲ್ಲಿ ಹಸಿರು ದೀಪ,
ತಲೆ ಬಾಗಿಸಿ, ಎತ್ತಿ, ಬಾಗಿಸಿ,
ಕೂದಲು ಮುಖದ ತುಂಬ.
ಕಣ್ಣು ತೆರೆದೇ ಇತ್ತು. ನೋಡಿದೆ.

ಅದಿರು ಅಂದರೆ ಕಬ್ಬಿಣದ ಕಲ್ಲು.
ಅದಿರು ಅಂದರೆ ನಡುಗು.
ಎರಡಕ್ಕೂ ಒಂದೇ ಮಾತು ಸಾಕೆಂದವನು
ಯಾವ ಗೇಟಿನಲ್ಲಿ ನಿಂತಿದ್ದನೋ.

ಗೇಟು ಎತ್ತಿದವನು ಒಳಗೆ ಹೋಗಿ ಬಂದ,
ಕೈಯಲ್ಲಿ ನನ್ನ ಚಪ್ಪಲಿ.
'ಆ ಜಾಗ್ದಲ್ಲಿ ಈಗ ಸಿಲ್ವಿ ತಟ್ಟೆ ಹೊಡೀತಾನೆ' ಅಂದ.
'ದಿನಾ.'
ನಾನು ತಪ್ಪಾಯಿತು ಅನ್ನಲಿಲ್ಲ.
ಜೊತೆಯದನ್ನು ಎಂದೋ ಎಸೆದಿದ್ದೆ, ಅದನ್ನೂ ಹೇಳಲಿಲ್ಲ.

ಈಗಲೂ ಅನ್ನುತ್ತೇನೆ, ಐದನೇ ನಿಮಿಷದಿಂದಾಚೆ
ಆ ಹಾಡು ಬರೀ ಎಳೆದಾಟ.
'ರಸೀದಿ ಕೊಡಿ'ಯ ಸಿಟ್ಟು ಅದಕ್ಕಿಲ್ಲ, ಬರುವುದೂ ಇಲ್ಲ.
ಬೆಳಗ್ಗೆ ಟ್ರೇ ಇಳಿಸಿದಾಗ ಮೂರು ಮೊಟ್ಟೆ ಸೀಳು ಬಿಟ್ಟಿದ್ದವು.
ಏನಾಯಿತೆಂದು ಅಂಗಡಿಯವನು ಕೇಳಿದ.
ಹೇಳಲು ಶುರುಮಾಡಿದೆ.
ಒಂದೂವರೆ ನಿಮಿಷ ಸಾಲಲಿಲ್ಲ.