ಬಾಡಿಗೆ ಕಿವಿ

ಹಸಿರು ಅಂಗಿ, ಕೆಂಪು ಪಟ್ಟೆಯ ಕಾಲುಚೀಲ,
ತುದಿ ಸುರುಳಿ ಸುತ್ತಿದ ಜೋಡು, ಜೋಡಿಗೆ ಗೆಜ್ಜೆ.
ಎಲ್ಲ ಹೊರಗಿಂದ ಬಾಡಿಗೆಗೆ ಬಂದದ್ದು.
ಕೊನೆಗೆ ಸೋಪಿನ ಡಬ್ಬಿಯೊಂದರಿಂದ
ಮ್ಯಾನೇಜರು ತೆಗೆದರು ಎರಡು ಕಿವಿ.
ಚೂಪು. ರಬ್ಬರು. ಯಾರದೋ ಬೆವರಿನ ವಾಸನೆ.

"ಇಂದ್ರಾಣೀ, ನಿಮ್ಮ ಅಳತೆಗೇ ಹೊಲಿದ ಹಾಗಿದೆ."

ನಾಲ್ಕು ಅಡಿ ಎಂಟು ಇಂಚು ನಾನು.
ಬಿ.ಎಂ. ರಸ್ತೆಯ ಈ ನಾಲ್ಕಂತಸ್ತಿನ ಅಂಗಡಿಯ
ನೆಲಮಾಳಿಗೆಯಲ್ಲಿ ಹದಿಮೂರು ವರ್ಷ ಸೀರೆ ಮಡಚಿದ್ದೇನೆ.
ಮೇಲಿನ ಹಲಗೆಗೆ ಕೈ ಎಟುಕದೆ ಸ್ಟೂಲು ಎಳೆದಾಗ
ನಗುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.
ನಾನು ಯಾರಪ್ಪಾ ಅಂದರೆ, ಕ್ರಿಸ್‌ಮಸ್ ತಾತನ ಕೈಯಾಳಂತೆ,
ಮಂಜಿನ ದೇಶದಲ್ಲಿ ಗೊಂಬೆ ಮಾಡುವ ಕುಳ್ಳರ ಜಾತಿಯಂತೆ.
ಆ ಜಾತಿಗೆ ಹಾಸನದಲ್ಲಿ ಇನ್ನೂ ಸಂಘವಿಲ್ಲ.

ತಾತ, ನಮ್ಮ ಸೆಕ್ಯುರಿಟಿ ಮರೀಗೌಡರು.
ಹತ್ತಿಯ ಗಡ್ಡದೊಳಗೆ ಎಲೆಯಡಿಕೆ.
"ಹೋ ಹೋ ಅನ್ನಬೇಕು" ಎಂದದ್ದಕ್ಕೆ
ಅಂದರು, ಇಳಿಜಾರಿನಲ್ಲಿ ಗಾಡಿ ಎತ್ತು ತಡೆಯುವ ಹಾಗೆ.
ಮೂರನೇ ಮಹಡಿಯ ಮಕ್ಕಳೆಲ್ಲ
ನಿಂತಲ್ಲೇ ನಿಂತುಬಿಟ್ಟವು.

ಬಿಲ್ಲಿಂಗಿನ ಸ್ಟೆಲ್ಲಾ ಮೇರಿ ಮಾತ್ರ
ಅಡಿಯಿಂದ ಮುಡಿವರೆಗೆ ನೋಡಿ,
"ನಮ್ಮ ಹಬ್ಬದಲ್ಲಿ ಇವಳಿಲ್ಲ ಅಕ್ಕಾ.
ಇರೋದು ಒಂದು ಕೊಟ್ಟಿಗೆ, ಒಂದಿಷ್ಟು ಹುಲ್ಲು.
ಉದ್ದ ಕಿವಿ ಅಂದ್ರೆ ಅಲ್ಲಿ ಕತ್ತೆಗೆ."
ಇಪ್ಪತ್ನಾಲ್ಕರ ರಾತ್ರಿ ರಜೆ ಕೇಳಿದ್ದಳಂತೆ.
ಕ್ರಿಸ್‌ಮಸ್ ರಶ್ಶು, ಆಗಲ್ಲ ಅಂದರಂತೆ.

ಗೆಜ್ಜೆ ಕಟ್ಟಿದ ಮೇಲೆ
ಟಾಯ್ಲೆಟ್ಟಿಗೆ ಹೋದರೂ ಊರಿಗೆಲ್ಲ ಗೊತ್ತು.
ಕಿವಿ ಹಿಂಡಿದ ಮಕ್ಕಳನ್ನು ನಲವತ್ತರವರೆಗೆ ಎಣಿಸಿ ಬಿಟ್ಟೆ.
ಆದರೆ ಒಂದು ವಿಚಿತ್ರ:
ಕಿವಿ ಇಷ್ಟುದ್ದ ಇದ್ದರೂ
ಜನ ನನ್ನನ್ನು ಕಿವುಡಿ ಅಂದುಕೊಂಡರು.
"ಮೂರು ಸಾವಿರ ಅಂತ ನಿಮ್ಮಮ್ಮನ ಹತ್ರ ಬಾಯಿ ಬಿಟ್ಟೀರ!"
"ಆ ಬಣ್ಣ ಬೇಡ, ಅವಳು ಉಡ್ತಿದ್ದದ್ದು."
ಟ್ರಯಲ್ ರೂಮಿನ ಹೊರಗೆ ಒಬ್ಬಾಕೆ ಫೋನಿನಲ್ಲಿ
"ಇಲ್ಲ, ಇನ್ನು ನಾನು ಬರೋಲ್ಲ" ಎಂದು
ಬುಟ್ಟಿಯಿಂದ ಚಾಕಲೇಟು ತೆಗೆದುಕೊಂಡು
ಥ್ಯಾಂಕ್ಸೂ ಅಂದು ಹೋದಳು.

ಆಡುವಳ್ಳಿಯ ಒಂದು ಹುಡುಗಿ. ಮುಂದಿನ ಹಲ್ಲಿಲ್ಲ.
ಸಾಲಲ್ಲಿ ಮೂರು ಸಲ ಬಂದು ಮೂರು ಸಲವೂ ಜಗ್ಗಿ
"ಇದು ರಬ್ಬರು. ನನ್ನ ಕಿವಿಗೆ ಹೂವಿಡಬೇಡ.
ನಿಜವಾದ್ದು ತೋರಿಸು" ಅಂದಳು.

ನಿಜವಾದ್ದು.
ಆರು ವರ್ಷದವಳಿದ್ದಾಗ
ಸೊಂಟದ ಮೇಲೆ ಕೂತ ತಮ್ಮ ಎಳೆದ ಓಲೆ,
ಬಲಗಿವಿಯ ಹಾಲೆ ಸೀಳಿ ಎರಡಾಯಿತು.
ಅಂದಿನಿಂದ ಕೂದಲು ಇಳಿಬಿಟ್ಟೇ ಇದ್ದೇನೆ.
ಮದುವೆಯ ಆಲ್ಬಮ್ಮಿನಲ್ಲೂ ಎಡಗಡೆಯವಳೇ ನಾನು.

ಸ್ವೆಟರು ತೊಟ್ಟ ಬೊಂಬೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು
ಯಾಕೋ ಗೊತ್ತಿಲ್ಲ,
ರಬ್ಬರು ಸುಲಿದು ತೋರಿಸಿದೆ.

ಹೆದರಲಿಲ್ಲ. ಹತ್ತಿರ ಬಗ್ಗಿದಳು.
"ಯಾರು ಮಾಡಿದ್ದು ಇದನ್ನ?"
"ನನ್ನ ತಮ್ಮ."
"ಸರಿಯಾಗಿ ಅಂಟಿಸಿಲ್ಲ."
ಚಾಕಲೇಟಿನ ಎಂಜಲು ಬೆರಳಲ್ಲಿ
ಎರಡು ಚೂರನ್ನೂ ಕೂಡಿಸಿ, ಒತ್ತಿ ಹಿಡಿದು
ಒಂದರಿಂದ ಹತ್ತು ಎಣಿಸಿದಳು.
ಆರನ್ನು ಮರೆತಳು. ಮತ್ತೆ ಮೊದಲಿಂದ.

ಕೆಳಗೆ ಅವಳಪ್ಪ ಕೂಗುತ್ತಿದ್ದ,
ಕೈಚೀಲದ ತುಂಬ ಅವರೆಕಾಯಿ, ಸೊಗಡು ಮಹಡಿಯವರೆಗೆ.
"ಒಣಗೋವರೆಗೆ ಮುಟ್ಟಬೇಡ" ಎಂದು
ಓಡಿದಳು.

ಇಪ್ಪತ್ತಾರಕ್ಕೆ ಎಲ್ಲ ಎಣಿಸಿ ವಾಪಸು ತಗೊಂಡರು.
ಒಂದು ಕಿವಿಯ ತುದಿ ಹರಿದಿತ್ತು.
ಸಂಬಳದಲ್ಲಿ ನೂರೈವತ್ತು ಹಿಡಿದರು.
ಸ್ಟೆಲ್ಲಾ ಸ್ಟೀಲಿನ ಡಬ್ಬಿಯಲ್ಲಿ ಕಲ್ಕಲ್ ತಂದಿದ್ದಳು,
ಪೂಜೆಗೆ ತಡವಾಗಿ ಹೋಗಿ ಬಾಗಿಲಲ್ಲೇ ನಿಂತಳಂತೆ.

ನೆಲಮಾಳಿಗೆಗೆ ಇಳಿದು, ಸ್ಟೂಲು ಎಳೆದು,
ಕೂದಲೆತ್ತಿ ತುರುಬು ಕಟ್ಟಿದೆ.
"ಏನಿಂದ್ರಾಣಿ, ಇವತ್ತು?" ಎಂದರು ಮರೀಗೌಡರು.
ಸೆಕೆ, ಅಂದೆ.
ಹಾಸನದ ಡಿಸೆಂಬರು. ಬಾಯಿ ತೆರೆದರೆ ಹೊಗೆ.
ಅವರು ಕಿವಿ ನೋಡಿದರು,
ನೋಡಿ, ಎಲೆಯಡಿಕೆ ಮುಂದಕ್ಕೆ ಹಿಡಿದರು.