ಕಾವು

ನಾಲ್ಕಕ್ಕೆ ಎದ್ದ ಅಪ್ಪ ಮೊದಲು ನೋಡಿದ್ದು ನನ್ನನ್ನಲ್ಲ,
ಒಲೆಯ ಮಗ್ಗುಲಲ್ಲಿ ಅಜ್ಜಿಯ ಹಳೇ ಕೋಟು ಹೊದ್ದು ಮಲಗಿದ್ದ
ಬ್ಯಾಟರಿಗಳನ್ನು.
ಎರಡು. ಅವಳಿ ಕೂಸುಗಳ ಹಾಗೆ
ರಾತ್ರಿ ಎತ್ತಿ ಒಳಗೆ ತಂದದ್ದು.
ಅಂಗೈ ಇಟ್ಟು ನೋಡಿದ. ಉಗುರು ಬೆಚ್ಚಗಿದ್ದವು.
'ತುಯಾರಾ, ಟಾರ್ಚು' ಅಂದ.

ನಮ್ಮ ಥರ್ಮಾಮೀಟರು ಐವತ್ತಕ್ಕೇ ಮುಗಿದುಹೋಗುತ್ತದೆ.
ಅದರ ಕೆಳಗಿನದಕ್ಕೆಲ್ಲ ಮೂಗೇ ಲೆಕ್ಕ:
ಒಳಗಿನ ಕೂದಲು ಒಂದೇ ಉಸಿರಿಗೆ ಸೂಜಿಯಾದರೆ
ಶಾಲೆಗೆ ರಜೆ.
ಲಾರಿಗೆ ಇಲ್ಲ.

ಅಂಗಳದಲ್ಲಿ ನಮ್ಮ ಕಮಾಜ್, ಮೂತಿಗೆ ರಜಾಯಿ,
ರಜಾಯಿಯ ಮೇಲೆ ಟಾರ್ಪಾಲು, ಅದರ ಮೇಲೆ ಹಿಮ.
ಬೆನ್ನ ತುಂಬ ಹಾಲು,
ತಟ್ಟೆಯಲ್ಲಿ ಹೆಪ್ಪಿಟ್ಟು ಕಿತ್ತ ಬಿಲ್ಲೆ ಬಿಲ್ಲೆ ಹಾಲು,
ಪೇಟೆಗೆ ಹೋಗಬೇಕಾದ್ದು.
ಈ ಚಳಿಗೆ ಹೆದರದ್ದು ಊರಲ್ಲಿ ಅದೊಂದೇ.

ಡೀಸೆಲು ತುಪ್ಪವಾಗಿತ್ತು.
ಟ್ಯಾಂಕಿಗಿಳಿಸಿದ ಕೋಲು ನೆಟ್ಟಗೆ ನಿಂತಿತು.
ನಿನ್ನೆಯೇ ಸೀಮೆಎಣ್ಣೆ ಬೆರೆಸಬೇಕಿತ್ತು ಅಂತ
ಅಪ್ಪ ನಿನ್ನೆಯನ್ನೇ ಬೈದ.
ಬೈಯುತ್ತಲೇ ಸುರಿದ.

ಅಂಗಾತ ಮಲಗಿ ಅಡಿಗೆ ಜಾರಿದ.
ಬ್ಲೋ ಲ್ಯಾಂಪು ಕೆಮ್ಮಿತು, ಉಗುಳಿತು,
ಆಮೇಲೆ ನೀಲಿ ನಾಲಿಗೆ ಚಾಚಿತು.
ತಗಡಿನ ಬಾಣಲೆಯಲ್ಲಿ ನಾನು ಒಲೆಯ ಕೆಂಡ ತಂದೆ,
ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವ ಹಾಗೆ
ಎಣ್ಣೆಬುಡದ ಕೆಳಗಿಟ್ಟೆ.
'ಸುಡಬೇಡ, ನೇವರಿಸು' ಅನ್ನುತ್ತಿದ್ದಳಂತೆ
ಒಂದು ಕಾಲಕ್ಕೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಜ್ಜಿ.
ಒಂದು ಹನಿ ಎಲ್ಲೋ ಸೋರಿದರೂ
ಲಾರಿಯೂ ಇಲ್ಲ, ಮನೆಯೂ ಇಲ್ಲ.
ಅದಕ್ಕೇ ಟಾರ್ಚು ಅಲುಗಬಾರದು.
ನನ್ನ ಕೈ ಅಲುಗುತ್ತಿತ್ತು.

ಕೀಲಿ ತಿರುಗಿಸಿದ.
ಮಂಡಿನೋವಿನ ಮುದುಕಿ ಮೆಟ್ಟಿಲು ಹತ್ತಿದ ಹಾಗೆ
ಒಂದು ಸುತ್ತು. ಅರ್ಧ ಸುತ್ತು.
ಟಕ್.
ಟಕ್.

ಬೇಲಿಯಾಚೆ ಬಾಹಿಲೈನ ಲಾರಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ.
ಅಕ್ಟೋಬರಿನಲ್ಲಿ ಹಚ್ಚಿದರೆ ಅವನು ಆರಿಸುವುದು ಮಾರ್ಚಿಗೆ.
ಆ ಗುರುಗುರು ನಿಂತರೆ ನನಗೆ ನಿದ್ದೆ ಬರುವುದಿಲ್ಲ.
ಅವನಿಗೂ ಅಪ್ಪನಿಗೂ ಎಣ್ಣೆ ಸೀಗೆಕಾಯಿ,
ಒಂದು ಮೀನುಬಲೆಯ ದೆಸೆಯಿಂದ.
ಬಲೆ ಹರಿದದ್ದು ಯಾರೆಂದು ಅಲ್ದಾನ್ ನದಿಗೆ ಗೊತ್ತು.
ನದಿ ಹೆಪ್ಪುಗಟ್ಟಿದೆ, ಬಾಯಿ ಬಿಡುವುದಿಲ್ಲ.

ಅಪ್ಪ ಬೇಲಿಯ ತನಕ ಹೋದ. ಕರೆಯಲಿಲ್ಲ.
ರೆಪ್ಪೆಗೆ ರೆಪ್ಪೆ ಅಂಟುವಷ್ಟು ಹೊತ್ತು ನಿಂತ.
ಟಾರ್ಚಿನ ಬೆಳಕು ಬಾಹಿಲೈನ ಕಿಟಕಿಗೆ ಬಿತ್ತು.
ಬೇಕೆಂದೇ ಬಿಟ್ಟೆನೋ, ಕೈ ಅಲುಗಿತೋ,
ಇವತ್ತಿಗೂ ಹೇಳಲಾರೆ.

ಗೇಟು ಕಿರ್ರೆಂದಿತು.
ಲಾರಿಗೆ ಲಾರಿ ಮೂತಿಗೆ ಮೂತಿ ಕೊಟ್ಟು ನಿಂತವು,
ಹಾಯಲು ಬಂದ ಗೂಳಿಗಳೋ, ಮೂಸಲು ಬಂದವೋ.
ನಡುವೆ ಕೆಂಪೊಂದು, ಕಪ್ಪೊಂದು ಕೇಬಲ್ಲು,
ಚಳಿಗೆ ಸೆಟೆದು ಕೋಲಾಗಿ ಬಗ್ಗಲೊಲ್ಲವು.
ಒಂದನ್ನು ಅಪ್ಪ, ಒಂದನ್ನು ಬಾಹಿಲೈ
ಎದೆಗವಚಿ ಬಗ್ಗಿಸಿದರು,
ಮುಖ ನೋಡದೆ.
ಬಾಹಿಲೈ ತನ್ನ ಕ್ಯಾಬಿನು ಹತ್ತಿ ಆಕ್ಸಿಲರೇಟರು ಒತ್ತಿದ.
ಎರಡು ಚಳಿಗಾಲದಲ್ಲಿ ಅವನಾಡಿದ ಮೊದಲ ಮಾತು ಅದು.

ಬಿಳಿ ಹೊಗೆ. ಕರಿ ಹೊಗೆ.
ಒಂದು ಸಿಲಿಂಡರು ಬಡಿಯಿತು, ಇನ್ನೊಂದು ಕೇಳಿಸಿಕೊಂಡಿತು,
ಮೂರನೆಯದು ಒಪ್ಪಲಿಲ್ಲ, ಸೀನಿತು,
ಕೊನೆಗೆ ಎಂಟೂ ಸೇರಿ ಒಂದೇ ಜಗಳವಾಗಿ
ಅಂಗಳ ನಡುಗಿತು.

ಅಪ್ಪ ಏನೋ ಅಂದ.
ಆ ಗದ್ದಲದಲ್ಲಿ ಕೇಳುವ ಹಾಗಿರಲಿಲ್ಲ,
ಅದಕ್ಕೇ ಅಂದನೇನೋ.
ಬಾಹಿಲೈ ಕೇಬಲ್ಲು ಸುತ್ತಲು ನೋಡಿದ, ಆಗದೆ
ಸೌದೆಯ ಹಾಗೆ ಹೆಗಲ ಮೇಲೆ ಹೊತ್ತು ನಡೆದ.
ಅಪ್ಪ ಒಂದು ಬಿಲ್ಲೆ ಹಾಲು ತಂದು
ಬೇಲಿಯ ಗೂಟದ ಮೇಲಿಟ್ಟ.

ರಾತ್ರಿಯೆಲ್ಲ ನಿಂತು ಟೈರು ಚೌಕವಾಗಿದ್ದವು.
ದಡಕ್ ದಡಕ್ ಕುಂಟುತ್ತ ಹೊರಟಿತು ಲಾರಿ.
ಗುಂಡಗಾಗಲು ಎರಡು ಮೈಲಿ ಬೇಕು.

ಮಧ್ಯಾಹ್ನ ಹೋಗಿ ನೋಡಿದೆ.
ಗೂಟದ ಮೇಲೆ ಹಾಲಿರಲಿಲ್ಲ.
ನಾಯಿ ತಿಂದಿದ್ದರೂ ತಿಂದಿರಬಹುದು.