ಜ್ವರ ಎದ್ದ ಮೇಲೆ

ಹುಳುಮನೆ ಖಾಲಿಯಿದ್ದ ವಾರ ಅದು.
ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ
ಚಂದ್ರಿಕೆಗಳು ಬಿಸಿಲಿಗೆ ಒರಗಿದ್ದವು.
ಅವುಗಳ ಹಿಂದೆ ಅಡಗಿ ಚರಿತಾ
ಹೊಸ ದನಿಯಲ್ಲಿ ಕೂಗುತ್ತಿದ್ದಳು, ಕಂಡುಹಿಡಿ.

ಹಳೆಯ ದನಿ ದೊಡ್ಡಾಸ್ಪತ್ರೆಯಲ್ಲೇ ಉಳಿಯಿತು,
ಕುತ್ತಿಗೆಗೆ ತೂತು ಮಾಡಿ ಕೊಳವೆ ಇಟ್ಟ ರಾತ್ರಿ.
ಅದಕ್ಕೂ ಮೊದಲು ಡಾಕ್ಟರು ಟಾರ್ಚು ಬಿಟ್ಟು ತೋರಿಸಿದ್ದರು:
ಕಿರುನಾಲಿಗೆಯ ಪಕ್ಕ ಬೂದು ಪೊರೆ,
ಗೂಡು ಕಟ್ಟುವ ಮುಂಚೆ ಹುಳ
ಅಡ್ಡಾದಿಡ್ಡಿ ಎಳೆಯುವ ಜಾಳು ನೂಲಿನ ಹಾಗೆ.
ಒಳಗೆ ಯಾರೋ ಮನೆ ಹೂಡುತ್ತಿದ್ದರು.

ಗುಲ್ನಾಜ್ ಸಿಸ್ಟರು ಗೇಟಿನಲ್ಲೇ ಸ್ಕೂಟಿ ನಿಲ್ಲಿಸಿ
"ಗುರುವಾರ ಕರ್ಕೊಂಡು ಬನ್ನಿ, ಇಂಜೆಕ್ಷನ್" ಅಂದರು.
ಅತ್ತೆ ಸುಣ್ಣದ ಬಕೆಟ್ಟು ಕೆಳಗಿಟ್ಟರು.
"ಬಂದು ಹೋಗಿದ್ದಕ್ಕೆ ಎಂಥ ಇಂಜೆಕ್ಷನ್ನಮ್ಮ?
ನನ್ನ ಮುಖ ನೋಡು.
ಐದು ವರ್ಷಕ್ಕೆ ಅಮ್ಮ ಬಂದಿದ್ದಳು, ಗುಳಿ ಬಿಟ್ಟು ಹೋದಳು.
ತಿರುಗಿ ಈ ಹೊಸಿಲು ತುಳಿದಳಾ?"

"ಅಮ್ಮ ಬಂದರೆ ಮೈ ಮರೆಯಲ್ಲ ಅಜ್ಜಿ.
ಈ ಗಂಟಲುಮಾರಿ ಹಾಗಲ್ಲ,
ಬಂದಿದ್ದನ್ನೇ ಮೈ ಮರೆತುಬಿಡುತ್ತೆ.
ನಾವೇ ಕೂತು ಕಲಿಸ್ಬೇಕು."

ನಾನು ಬಾಯಿ ಬಿಡಲಿಲ್ಲ.
ಒಂದೂವರೆ ವರ್ಷದ ಸೂಜಿ ತಪ್ಪಿಸಿದವಳು ನಾನು,
ಕೈ ಊದುತ್ತೆ, ರಾತ್ರಿಯೆಲ್ಲಾ ಅಳುತ್ತೆ ಅಂತ.
ಆ ಸುದ್ದಿ ಅತ್ತೆಗೆ ಗೊತ್ತಿಲ್ಲ.

ಅತ್ತೆ ಕೈಯಲ್ಲಿದ್ದ ಕುಂಚ ನೋಡಿಕೊಂಡರು.
ಹೋದ ಬೆಳೆಯಲ್ಲಿ ಒಂದು ಹುಳಕ್ಕೂ ಹಾಲುರೋಗವಿಲ್ಲ,
ನೂರು ಮೊಟ್ಟೆಗೆ ಎಂಬತ್ತು ಕೆಜಿ.
ಆದರೂ ನಸುಕಿಗೆದ್ದು ತಟ್ಟೆ, ತೊಲೆ, ಕಿಟಕಿಯ ಸಂದಿಗೂ
ಬ್ಲೀಚಿಂಗು ಹೊಡೆಸಿ
ಬಾಗಿಲ ಹಿಂದಿನ ಮೂಲೆ ಬಿಟ್ಟಿದ್ದಕ್ಕೆ ಮಗನನ್ನು ಬೈದಿದ್ದರು.

ಕುಂಚದಿಂದ ಸುಣ್ಣ ತೊಟ್ಟಿಕ್ಕಿತು, ಪಾದದ ಮೇಲೆ.
"ಎಷ್ಟು ಹೊತ್ತಿಗೆ ಬರಬೇಕು?"

ಗುರುವಾರ ಚರಿತಾ ಅಳಲಿಲ್ಲ.
ಇದಕ್ಕಿಂತ ಉದ್ದದ ಸೂಜಿ ನೋಡಿದ್ದೀನಿ ಅಂತ
ಸಾಲಿನ ಮಕ್ಕಳಿಗೆಲ್ಲಾ ಕುತ್ತಿಗೆಯ ಕಲೆ ತೋರಿಸಿದಳು.
ಮುಖ ಅತ್ತ ತಿರುಗಿಸಿದ್ದು ಅತ್ತೆ.

ಮುಂದಿನ ಸೂಜಿ ನಾಲ್ಕು ವಾರಕ್ಕೆ.
ಕಾರ್ಡು ಮೊಟ್ಟೆ ಲೆಕ್ಕದ ಚೀಟಿಯ ಪಕ್ಕ, ಅದೇ ಮೊಳೆಗೆ.
ಅತ್ತೆ ಬೆರಳು ಮಡಿಸಿ ಎಣಿಸಿದರು:
ಆ ಹೊತ್ತಿಗೆ ಹುಳ ನಾಲ್ಕನೇ ಜ್ವರ ಎದ್ದು
ಸೋನೆ ಬಿದ್ದಂತೆ ಸದ್ದು ಮಾಡಿ ಸೊಪ್ಪು ತಿನ್ನುತ್ತಿರುತ್ತೆ,
ಮನೆಯಲ್ಲಿ ಯಾರಿಗೂ ಕೈ ಬಿಡುವಿರಲ್ಲ.

"ಹುಳಕ್ಕೆ ನಾನಿದ್ದೀನಿ" ಅಂದರು.
"ನೀನು ಇದನ್ನ ಕರ್ಕೊಂಡು ಹೋಗು.
ಈ ಸಲ ತಪ್ಪಿಸಬೇಡ."

ಈ ಸಲ.
ನಾನು ಬಕೆಟ್ಟು ತೊಳೆಯಲು ಎದ್ದೆ.